ಗೋಡೆಗೆ ಮುಖ ಮಾಡಿದ ಕುರ್ಚಿ

“ನೂರ ಅರವತ್ತು,” ಎಂದರು ಡಾಕ್ಟರು. ಕಟ್ಟಡದ ಕೆಲಸದಲ್ಲಿ ಕ್ರೇನ್ ನಡೆಸುತ್ತಾ ಎಲ್ಲರ ಬಾಯಲ್ಲೂ ಕ್ರೇನ್ ಅಕ್ಕನಾದವಳು ಮಿಷನ್ನನ್ನೇ ದಿಟ್ಟಿಸಿದಳು. ಇವತ್ತೂ ರಕ್ತದೊತ್ತಡ ಇಳಿಯದಿದ್ದರೆ ಕ್ರೇನಿನ ಆಕಾಶದೆತ್ತರದ ಆ ಗಾಜಿನ ಗೂಡು ಅವಳ ಕೈತಪ್ಪಲಿತ್ತು. ಆಮೇಲೆ ಗೇಟಿನ ಬಳಿ ನಿಂತು ಲಾರಿಗಳನ್ನು ಒಳಗೆ ಬಿಡುವ ಕೆಲಸವೇ ಗತಿ.

“ಸಾಧ್ಯವೇ ಇಲ್ಲ ಡಾಕ್ಟ್ರೇ. ನಿಮ್ಮ ಮಿಷನ್ನಿಗೇ ಬಿ.ಪಿ. ಬಂದಿರ್ಬೇಕು.”

“ಮಾತ್ರೆ ಬಿಟ್ರಾ?”

“ಒಂದು ದಿನಾನೂ ಬಿಟ್ಟಿಲ್ಲ. ಊಟದ ವಿಷಯ ನಮ್ಮ ಯಜಮಾನ್ರನ್ನೇ ಕೇಳಿ. ಮೂರು ತಿಂಗಳಿಂದ ನನ್ನ ಮೇಯಿಸ್ತಿದಾರೆ.”

ಅದು ನಿಜವೇ. ಮೇಲೆ ಹತ್ತಿದರೆ ಇಳಿಯುವುದು ತಾಪತ್ರಯವೆಂದು ಅವಳು ವರ್ಷಗಟ್ಟಲೆ ನೀರನ್ನೂ ಗುಟುಕು ಲೆಕ್ಕದಲ್ಲಿ ಕುಡಿದು, ಬಿಳಿ ಬ್ರೆಡ್ಡು, ಬಿಸ್ಕತ್ತುಗಳಲ್ಲೇ ಹಗಲು ಕಳೆದಿದ್ದಳು. ಹಿಂದಿನ ತಪಾಸಣೆಯಲ್ಲಿ ಒತ್ತಡ ಏರಿತ್ತು, ರಕ್ತದ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿತ್ತು, ಮೆಗ್ನೀಸಿಯಂ ತಳ ಕಂಡಿತ್ತು. “ಮೆಗ್ನೀಸಿಯಂ ಏನು ಮಾಯಾಮಂತ್ರ ಅಲ್ಲ,” ಎಂದಿದ್ದರು ಡಾಕ್ಟರು. “ಆದ್ರೆ ರಕ್ತನಾಳ ಸಡಿಲವಾಗಿರೋಕೂ, ಸಕ್ಕರೆ ಹದವಾಗಿ ಕರಗೋಕೂ ಅದು ಬೇಕು. ಮಾತ್ರೆ ಜೊತೆಗೆ ಸೊಪ್ಪು, ಕಾಳು, ಬೀಜ, ತೌಡು ತೆಗೆಯದ ಧಾನ್ಯ ತಿನ್ನಿ.” ಮನೆಯಲ್ಲೇ ಹೊಲಿಗೆ ಮಾಡುವ ಗಂಡ ಅದನ್ನು ವ್ರತದಂತೆ ಹಿಡಿದ. ಊಟದ ಡಬ್ಬಿ ತೆರೆದಾಗಲೆಲ್ಲ ಹಸಿರು, ಮೂಲೆಯಲ್ಲಿ ಕುಂಬಳದ ಬೀಜ.

“ನಾನೇನು ಮೇಕೆನಾ?” ಎಂದು ಅವಳು ರೇಗಿದ್ದಳು.

“ಮೇಕೆಗೆ ಬಿ.ಪಿ. ಬಂದಿದ್ದು ಯಾವತ್ತಾದ್ರೂ ನೋಡಿದೀಯಾ?”

ಡಾಕ್ಟರು ಮತ್ತೊಮ್ಮೆ ಪಟ್ಟಿಗೆ ಗಾಳಿ ತುಂಬಿದರು. ತಗಡಿನ ಕೋಣೆಯ ಕಿಟಕಿಯಾಚೆ ಬದಲಿ ಆಪರೇಟರ್ ಗಾಜಿನ ಹಲಗೆಗಳ ಕಟ್ಟೊಂದನ್ನು ಎತ್ತುತ್ತಿದ್ದ. ಕಟ್ಟು ಓಲಾಡುತ್ತಿತ್ತು. ಅಕ್ಕ ಹಲ್ಲು ಕಚ್ಚಿದಳು.

“ಅಕ್ಕಾ, ನಿಮ್ಮ ಕೈ ಏನ್ಮಾಡ್ತಿದೆ?”

“ಏನೂ ಇಲ್ವಲ್ಲ.”

“ನೋಡ್ಕೊಳ್ಳಿ.”

ನೋಡಿದಳು. ಪಟ್ಟಿ ಕಟ್ಟಿದ ಕೈ ಅಲ್ಲಿಲ್ಲದ ಕ್ರೇನಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಮಣಿಕಟ್ಟನ್ನು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸುತ್ತಿತ್ತು.

“ಅವನು ಎಡಕ್ಕೆ ತಗೋಬೇಕಿತ್ತು ಡಾಕ್ಟ್ರೇ!”

“ಅವನು ತಗೊಳ್ಳಲಿ, ಬಿಡಲಿ. ನೀವು ಇಲ್ಲಿ ಕೂತು ಎತ್ತಿದ್ರೆ ಒತ್ತಡ ಏರದೆ ಇನ್ನೇನಾಗುತ್ತೆ?” ಡಾಕ್ಟರು ಎದ್ದು ಅವಳನ್ನು ಕುರ್ಚಿಸಮೇತ ಬರಿಯ ಗೋಡೆಯ ಕಡೆ ತಿರುಗಿಸಿದರು. “ಐದು ನಿಮಿಷ. ಮಾತಿಲ್ಲ, ಕ್ರೇನಿಲ್ಲ.”

“ಉಸಿರು?”

“ಅದಕ್ಕೆ ಅಪ್ಪಣೆ ಬೇಡ.”

ಅವಳು ತಗಡನ್ನೇ ನೋಡುತ್ತಾ ಕುಳಿತಳು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಡಾಕ್ಟರು ಒಮ್ಮೆ ಅಳೆದರು, ನಂಬಿಕೆ ಬರಲೆಂದು ಇನ್ನೊಮ್ಮೆ ಅಳೆದರು.

“ನೂರ ಇಪ್ಪತ್ತಾರು. ಸಕ್ಕರೆನೂ ಹತೋಟಿಗೆ ಬಂದಿದೆ. ಹತ್ತಿ, ಅಕ್ಕಾ! ಆದ್ರೆ ಡಬ್ಬಿ ಬಿಡ್ಬೇಡಿ, ಮಾತ್ರೆನೂ ಬಿಡ್ಬೇಡಿ.”

ಏಣಿಯ ಬುಡದಲ್ಲಿ ಬದಲಿ ಆಪರೇಟರ್ ಬೆವರೊರೆಸಿಕೊಳ್ಳುತ್ತಾ ಎದುರಾದ. “ಬಂದ್ಯಾ ತಾಯಿ? ನನ್ನ ಬಿ.ಪಿ. ಈಗ ಯಾರಾದ್ರೂ ನೋಡ್ಲಿ!”

ಅಕ್ಕ ಮೇಲೇರಿ ಕುಳಿತಳು. ನೆಲದಲ್ಲಿ ಇರುವೆಗಳಂತೆ ಜನ, ಅದರಾಚೆ ಬೀದಿಗಳು, ಬೀದಿಗಳಾಚೆ ತನ್ನ ಮನೆಯ ತಾರಸಿ. ಅಲ್ಲೊಂದು ಚುಕ್ಕಿ ಅಲುಗದೆ ನಿಂತಿತ್ತು. ಗೂಡಿನಲ್ಲಿ ಫೋನು ಬಳಸುವಂತಿಲ್ಲ. ಅವಳು ನೆಲದ ಮೇಲಿನ ಸಿಗ್ನಲ್ ಹುಡುಗನಿಗೆ ವೈರ್‌ಲೆಸ್ ಒತ್ತಿದಳು.

“ಕೆಳಗೆ ಖಾಲಿ ಇದೆಯಾ?”

“ಇದೆ ಅಕ್ಕಾ. ಯಾವ ಲೋಡು?”

“ಯಾವುದೂ ಇಲ್ಲ. ಒಂದು ಸಮಾಚಾರ ಕಳಿಸ್ಬೇಕು.”

ಆ ಭಾರೀ ಕಬ್ಬಿಣದ ತೋಳು ನಿಧಾನವಾಗಿ ಮನೆಯ ಕಡೆ ಹೊರಳಿತು. ಬರಿಯ ಕೊಕ್ಕೆ ಇಳಿಯಿತು, ಏರಿತು, ಇಳಿಯಿತು, ಏರಿತು. ದೂರದ ಚುಕ್ಕಿ ಒಮ್ಮೆ ನೆಗೆಯಿತು. ಮರುಗಳಿಗೆ ತಾರಸಿಯ ಮೇಲೆ ಯಾವುದೋ ಗಿರಾಕಿಯ ಕೆಂಪು ಪ್ಯಾಂಟು, ಇನ್ನೂ ಒಂದೇ ಕಾಲು ಹೊಲಿದದ್ದು, ಬಾವುಟದಂತೆ ಗಿರಗಿರನೆ ತಿರುಗತೊಡಗಿತು.