ತಾತ ಹೇಳಿದ ಬಿಸಿಲು

ನೆನೆದ ರಾಗಿ ಹುಲ್ಲಿನ ಮುಗ್ಗಲು ವಾಸನೆ ನನಗೆ ಇವತ್ತಿಗೂ ಆಗುವುದಿಲ್ಲ.

ಆಗ ನಮ್ಮೂರಿಗೆ ರೇಡಿಯೋ ಬಂದಿರಲಿಲ್ಲ. ಬೆಟ್ಟದಪುರದ ಬೆಟ್ಟ ನೋಡಿ ನಮ್ಮ ತಾತ ಮುಂದಿನ ದಿನಗಳ ಮಳೆ ಬಿಸಿಲು ಹೇಳುತ್ತಿದ್ದರು, ಊರು ನಂಬುತ್ತಿತ್ತು. ಆ ವರ್ಷ ಕೊಯ್ದ ರಾಗಿ ಇನ್ನೂ ಹೊಲದಲ್ಲೇ ಬಿದ್ದಿತ್ತು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಆಗುವ ಮುಯ್ಯಾಳುಗಳು ಸೇರಿ ದಿನಕ್ಕೊಂದು ಮನೆಯದನ್ನು ಸಾಗಿಸಿ, ಮಳೆ ನೀರು ಇಳಿಯದಂತೆ ಮೆದೆ ಒಟ್ಟುತ್ತಿದ್ದರು. ಆ ದಿನದ ಸರದಿ ನನ್ನ ಗೆಳತಿ ಕೆಂಪಿಯ ಮನೆಯದು.

"ಓಗವ್ವ, ಇನ್ನೂ ನಾಕು ದಿನ ಬಿಸ್ಲೇಯ, ಇವತ್ತು ನಮ್ದು ಒಟ್ಬುಡಾನ ಅಂತ ಅವರಪ್ಪಂಗೆ ಏಳು," ಎಂದು ತಾತ ನನ್ನನ್ನು ಕಳಿಸಿದರು. ಕುಣಿಯುತ್ತಾ ಓಡಿ ಹೇಳಿದೆ. ಕೆಂಪಿಯ ಅಪ್ಪ ಎಲ್ಲರಿಗಿಂತ ಮೊದಲು ನಮ್ಮ ಹೊಲಕ್ಕೆ ಬಂದರು.

ಸಂಜೆ ಮೆದೆ ಮುಗಿದ ಮೇಲೆ ತಾತ ಅಜ್ಜಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. "ಬೆಟ್ಟ ಬೆಳಿಗ್ಗೆನೇ ಮೋಡದ ಮುಸುಕಾಕಿತ್ತು ಕಣೇ. ಸದ್ಯ, ನಮ್ದು ಉಳ್ಕತು." ಅಜ್ಜಿ ಒಲೆ ಊದಿದರು.

ಮೂರು ದಿನ ಜಡಿಮಳೆ ಹಿಡಿಯಿತು. ಕೆಂಪಿಯ ಮನೆಯ ರಾಗಿ ತೆನೆಯಲ್ಲೇ ಮೊಳೆಯಿತು. ಮಳೆ ಬಿಟ್ಟ ಮೇಲೆ ಹೋದಾಗ ಅವಳ ಅವ್ವ ಕಪ್ಪಾದ ತೆನೆ ಹರವುತ್ತಾ ನನ್ನ ತಲೆ ಸವರಿದರು.

"ನಿಮ್ ತಾತಂಗೂ ವಯಸ್ಸಾಯ್ತು ಬುಡವ್ವ. ಬೆಟ್ಟ ಸರ್ಯಾಗಿ ಕಾಣಾಕಿಲ್ವೇನೋ, ಪಾಪ."

ಕೆಂಪಿ ನನ್ನನ್ನೇ ನೋಡುತ್ತಿದ್ದಳು. ನಾನು "ಊಂ" ಎಂದೆ.