ಹನ್ನೊಂದು ಕೌಜುಗಗಳು

ಅಮೋಘಸಿದ್ದನ ಚೀಲಕ್ಕೆ ಕೈ ಹಾಕಿದಾಗ ಭಾಗ್ಯಜ್ಯೋತಿಗೆ ಮೊದಲು ಸಿಕ್ಕಿದ್ದು ಕಟಕ ರೊಟ್ಟಿ. ಆಮೇಲೆ ಬೆಲ್ಲದ ತುಂಡು. ತಳದಲ್ಲಿ, ಉರುಲು.

ಕುದುರೆ ಬಾಲದ ಕೂದಲು ಹೊಸೆದು ಮಾಡಿದ, ಹಕ್ಕಿಯ ಕಾಲಿಗೆ ಒಡ್ಡುವ ಉರುಲು. ಎತ್ತಿಕೊಂಡರೆ ಒಂದು ಎಳೆ ಪಟಕ್ಕನೆ ಮುರಿಯಿತು. ಮೊಬೈಲಿನಲ್ಲಿ ಫೋಟೊ ತೆಗೆದು, ಎಲ್ಲವನ್ನೂ ಇದ್ದ ಹಾಗೆಯೇ ಒಳಗಿಟ್ಟಳು. ಅಷ್ಟರಲ್ಲಿ ಜಾಲಿ ಪೊದೆಗಳಾಚೆ ಕೌಜುಗ ಕೂಗಿತು. ಕಟೀಟರ್, ಕಟೀಟರ್. ನಕ್ಷೆಯಲ್ಲಿ ಗುರುತು ಹಾಕಿದಳು. ಹನ್ನೊಂದನೆಯ ಹಕ್ಕಿ.

ಸ್ವಲ್ಪ ಹೊತ್ತಿಗೆ ಅಮೋಘಸಿದ್ದ ಬಂದ. ಹೆಗಲ ಮೇಲೆ ಕರಿ ಕಂಬಳಿ, ಬಾಯಿ ಮುಚ್ಚುವಷ್ಟು ಬಿಳಿ ಮೀಸೆ.

"ಕೂಗಿತೇನ್ರಿ ಯವ್ವಾ?"

"ಕೂಗಿತು ಕಾಕಾ."

"ಚೊಲೋ ಆತು," ಎಂದು ಕೆಮ್ಮಿ, ಚೀಲದಿಂದ ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡ. ಅವಳು ಅವನ ಮುಖ ನೋಡಲಿಲ್ಲ.

ಕಡಗಂಚಿಯ ಕ್ಯಾಂಪಸ್ಸಿನಿಂದ ಇಂಟರ್ನ್‌ಶಿಪ್‌ಗೆ ಬಂದಾಗ ಅವಳಿಗೆ ಬೇಕಾಗಿದ್ದದ್ದು ಒಂದು ಸರ್ಟಿಫಿಕೇಟು. ಸಿಕ್ಕಿದ್ದು ಚೌಡಾಪುರದಾಚೆಯ ಗಾಯರಾಣ, ಊರ ಕುರಿ ಮೇಯುವ ನೂರಿಪ್ಪತ್ತು ಎಕರೆ ಹುಲ್ಲು. ಅದರ ಮೇಲೆ ಕಲ್ಲು ಒಡೆದು ಜಲ್ಲಿ ಮಾಡುವ ಖಡಿ ಮಷೀನಿನವರ ಕಣ್ಣಿತ್ತು. ಕೌಜುಗ ಇವೆ ಎಂದು ಸಾಬೀತಾದರೆ ಅವರ ಅರ್ಜಿ ವಾಪಸು. ಇಲ್ಲವಾದರೆ ಗಾಯರಾಣಕ್ಕೆ ಸಿಡಿಮದ್ದು.

ಎಣಿಕೆಗೆಂದು ಸಂಸ್ಥೆಯವರು ಹತ್ತು ಕಡೆ ಗೂಟ ಹೊಡೆದಿದ್ದರು. ಒಂದೊಂದರ ಬಳಿ ಹತ್ತು ನಿಮಿಷ ಮಿಸುಕದೆ ಕೂರಬೇಕು. ಕೌಜುಗ ಸುಲಭಕ್ಕೆ ಕಣ್ಣಿಗೆ ಬೀಳುವ ಜಾತಿಯಲ್ಲ, ಕೂಗನ್ನೇ ಎಣಿಸಬೇಕು. ದಾರಿ ತೋರಿಸಲು ಇಟ್ಟುಕೊಂಡಿದ್ದ ಕುರಿಗಾಹಿ ಅಮೋಘಸಿದ್ದ ಅವಳನ್ನು ಗೂಟದ ಬಳಿ ಕೂರಿಸಿ, "ನಾಯಿ ಬರದಂಗ ನೋಡ್ತೇನಿ" ಎಂದು ಜಾಲಿಯೊಳಗೆ ಮಾಯವಾಗುತ್ತಿದ್ದ.

ಹೆಸರು ಕೇಳಿದ ದಿನವೇ ಕಾಡಿಸಿದ್ದ. "ಭಾಗ್ಯಜ್ಯೋತಿ! ಸರಕಾರದವ್ರು ನಮ್ಮ ಮನಿಗೂ ಕೊಟ್ಟಾರ್ರಿ. ಒಂದ ಬಲ್ಬು. ಹತ್ತೂದೊಂದ ಇಲ್ಲ."

"ನಾ ಹತ್ತೂ ಬಲ್ಬ್ ಕಾಕಾ."

"ನೋಡೂಣಂತ."

ಹತ್ತಿದಳು. ಮೊದಲ ದಿನ ನಸುಕಿನಲ್ಲಿ ಕೂಗು ಕೇಳಿದಾಗ ಮೈಮೇಲೆ ಮುಳ್ಳೆದ್ದಿತ್ತು. ಬ್ಯಾಂಕ್ ಪರೀಕ್ಷೆಯ ಪುಸ್ತಕ ಮತ್ತೆ ಚೀಲದಿಂದ ಹೊರಬರಲಿಲ್ಲ. ವಾರ ಕಳೆಯುವುದರಲ್ಲಿ ದನಿಗಳ ಗುರುತು ಹತ್ತಿತು: ಒಂದಕ್ಕೆ ಗೊಗ್ಗರು ಗಂಟಲು, ಇನ್ನೊಂದಕ್ಕೆ ಕೊನೆಯಲ್ಲಿ ತೊದಲು. ಹೆಸರೂ ಇಟ್ಟಳು, ಗೊಗ್ಗರಣ್ಣ, ತೊದಲವ್ವ. ನಕ್ಷೆಯ ಮೇಲೆ ಒಂದೊಂದಕ್ಕೂ ಒಂದು ಕೆಂಪು ಚುಕ್ಕೆ. ಅಪ್ಪ ದೌಲತರಾಯನಿಗೆ ಫೋನು ಮಾಡಿ, ಪರಿಸರ ವಿಜ್ಞಾನದಲ್ಲೇ ಮುಂದೆ ಓದುತ್ತೇನೆ ಎಂದಳು.

"ಹಕ್ಕಿ ಎಣಿಸಿದ್ರ ಯಾರ್ ಪಗಾರ ಕೊಡ್ತಾರ ಬೇ?"

"ಹಕ್ಕಿ ಕೊಡ್ತಾವ ಅಪ್ಪಾ," ಎಂದು ನಕ್ಕಿದ್ದಳು.

ಅಮೋಘಸಿದ್ದ ಮುಚ್ಚಿಟ್ಟಿರಲಿಲ್ಲ. "ಮೊದಲ ನಾನೂ ಕೌಜುಗ ಹಿಡೀತಿದ್ದೆ ಯವ್ವಾ. ಸುಳ್ಯಾಕ ಹೇಳ್ಲಿ."

"ಯಾಕ ಬಿಟ್ಟಿ ಕಾಕಾ?"

"ಮುಗೀತು."

ಚಟ ಮುಗಿಯಿತು ಎಂದುಕೊಂಡಿದ್ದಳು. ಉರುಲು ಕಂಡ ಮೇಲೆ ಎಲ್ಲವೂ ತಿರುವುಮುರುವಾಯಿತು. ಜಾಲಿಯೊಳಗೆ ಹೋಗುವುದು ನಾಯಿ ಕಾಯಲು ಅಲ್ಲ. ಅವಳು ಚುಕ್ಕೆ ಇಟ್ಟಲ್ಲಿ ಅವನು ಉರುಲು ಇಡುತ್ತಿದ್ದಾನೆ. ಅವಳ ನಕ್ಷೆಯೇ ಅವನ ಬೇಟೆಯ ನಕ್ಷೆ.

ಸಂಜೆಗೆ ಸಂಸ್ಥೆಯ ವಿದ್ಯಾವತಿ ಮೇಡಂ ಬಂದರು. ಭಾಗ್ಯಜ್ಯೋತಿ ಕಳಿಸಿದ್ದ ಫೋಟೊ ಅವನಿಗೆ ತೋರಿಸಿದರು. ಅಮೋಘಸಿದ್ದ ಬಹಳ ಹೊತ್ತು ನೋಡಿದ.

"ಹಳೀದ್ರಿ ಇದು."

"ಕಳ್ಳ ಹಳಬ ಆದ್ರ ಸಂಭಾವಿತ ಆಗ್ತಾನೇನು? ನಾಳಿಂದ ಈ ಕಡಿ ಕಾಲಿಡಬ್ಯಾಡ."

"ನಾಳಿ ದೊಡ್ಡ ಸಾಹೇಬ್ರು ಎಣಿಸಾಕ ಬರ್ತಾರಲ್ರಿ. ನಾಳಿ ಒಂದ ದಿನ ಇರ್ತೇನ್ರಿ. ಕೈ ಮುಗೀತೇನಿ."

"ಅದಕ್ಕಽ ಬ್ಯಾಡ ಅನ್ನೂದು."

ಅವನು ಹುಡುಗಿಯ ಕಡೆ ತಿರುಗಿದ. "ನಾ ಹೋದ್ರ ಅವೂ ಹೋಗ್ತಾವ ಯವ್ವಾ."

"ಕೇಳಿದೇನು?" ಎಂದರು ಮೇಡಂ. "ಧಮಕಿ ಹಾಕಾಕತ್ತಾನ."

ಮರುದಿನ ನಸುಕಿಗೇ ದಾರಿಯಲ್ಲಿ ಕಾವಲು ನಿಲ್ಲಿಸಿದರು. ಅಮೋಘಸಿದ್ದ ಎರಡು ಸಲ ಬಂದ. ಎರಡು ಸಲವೂ ಅಟ್ಟಿದರು. ಅರಣ್ಯ ಇಲಾಖೆಯ ಸಾಹೇಬರು ಒಂದನೆಯ ಗೂಟದ ಬಳಿ ಕುರ್ಚಿ ಹಾಕಿಸಿಕೊಂಡು ಕೂತರು. ಹತ್ತು ನಿಮಿಷ. ಗಾಳಿ. ಎರಡನೆಯ ಗೂಟ. ಗಾಳಿ. ಖಡಿ ಮಷೀನಿನ ಮಾಲೀಕ ಆಕಳಿಸಿದ. ಐದನೆಯ ಗೂಟದಲ್ಲಿ ಭಾಗ್ಯಜ್ಯೋತಿ ಮನಸ್ಸಿನಲ್ಲೇ ಗೋಗರೆದಳು: ಗೊಗ್ಗರಣ್ಣಾ, ಒಂದ್ಸಲ. ಹತ್ತನೆಯದರಲ್ಲಿ ಹಾಳೆಯ ಮೇಲಿನ ಸೊನ್ನೆ ಕಣ್ಣೀರಿಗೆ ಕದಡಿತು.

"ರಾತ್ರೋರಾತ್ರಿ ಎಲ್ಲಾ ಬಳಕೊಂಡು ಹೋದ," ಎಂದರು ಮೇಡಂ. ದೂರಿನ ಅರ್ಜಿಯನ್ನು ಭಾಗ್ಯಜ್ಯೋತಿಯೇ ಕೈಯಾರೆ ಬರೆದಳು. ಪೊಲೀಸರು ಅವನ ಮನೆ ಜಾಲಾಡಿದರು. ಒಂದು ಪುಕ್ಕವೂ ಸಿಗಲಿಲ್ಲ. ಮಾರಿರಬೇಕು ಎಂದರು. ಎರಡು ದಿನ ಠಾಣೆಯಲ್ಲಿ ಕೂರಿಸಿ ಬಿಟ್ಟರು.

ಮೂರು ವಾರದ ಮೇಲೆ ಅವಳ ಇಂಟರ್ನ್‌ಶಿಪ್ ಮುಗಿಯಿತು. ಸರ್ಟಿಫಿಕೇಟಿನಲ್ಲಿ 'ಅತ್ಯುತ್ತಮ' ಎಂದಿತ್ತು. ವರದಿಯಲ್ಲಿ 'ಕೌಜುಗ ಇಲ್ಲ' ಎಂದಿತ್ತು. ಚೌಡಾಪುರದಲ್ಲಿ ಬಸ್ಸಿಗೆ ಕಾಯುವಾಗ ಗಾಯರಾಣದ ಕಡೆಯಿಂದ ಮೊದಲ ಸಿಡಿತ ಕೇಳಿತು. ಕಾಲಡಿಯ ನೆಲ ಅದುರಿತು. ರಸ್ತೆಯಾಚೆ ಯಾರದೋ ಕುರಿಗಳನ್ನು ಸಂತೆಗೆಂದು ಟೆಂಪೊಗೆ ತುಂಬುತ್ತಿದ್ದರು. ಮೇಯಿಸಲು ನೆಲ ಇಲ್ಲವಂತೆ.

ಬಸ್ ಬಂತು. ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳು.

ಕಟೀಟರ್, ಕಟೀಟರ್.

ಗೊಗ್ಗರಣ್ಣ! ಹಿಂದೆಯೇ ತೊದಲವ್ವ. ಆಮೇಲೆ ಮೂರನೆಯದು, ನಾಲ್ಕನೆಯದು. ಬೆರಳು ತಾನಾಗಿ ಎಣಿಸತೊಡಗಿತು. ಬದುಕಿವೆ! ಚೀಲ ಬಿಸಾಕಿ ಗರಕ್ಕನೆ ತಿರುಗಿದಳು.

ರಸ್ತೆಯಾಚೆ, ಟೆಂಪೊದ ಪಕ್ಕದಲ್ಲಿ, ಹನ್ನೊಂದೂ ಕೌಜುಗಗಳು ಒಂದೇ ಕರಿ ಕಂಬಳಿ ಹೊದ್ದು, ಬಿಳಿ ಮೀಸೆಯ ಮೇಲೆ ಎರಡೂ ಅಂಗೈ ಹಿಡಿದು ಕೂಗುತ್ತ ನಿಂತಿದ್ದವು.