ಕತ್ತರಿ ಆಡಿಸದ ಚೀಲ

"ಕವನ ಯಾರು?"

ಅಮೂಲ್ಯ ಕೇಳಿದ್ದು ಗಂಡನನ್ನಲ್ಲ. ಅವನನ್ನು ಬೆಳಗಿನಿಂದ ಕೇಳಿ ಸಾಕಾಗಿತ್ತು. ಶಿವಮೊಗ್ಗದ ದುರ್ಗಿಗುಡಿಯ ಮನೆಯ ಜಗುಲಿಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಮಾನಸಳ ಮಡಿಲಿಗೆ ಸೈಕಲ್ ಚೀಲವನ್ನು ಎಸೆದು ಕೇಳಿದ್ದಳು. ಗೇಟಿನಾಚೆ ಶಿವಕುಮಾರ ಸೈಕಲ್ ಹಿಡಿದು ನಿಂತಿದ್ದ. ಭದ್ರಾವತಿಯಿಂದ ಹೆಂಡತಿ ಬಸ್ಸಿನಲ್ಲಿ ಬಂದಿದ್ದಳು, ಅವನು ಬೆವರಿನಲ್ಲಿ.

ಹಳೆಯ ಚೀಲಗಳಿಂದ ಸೈಕಲ್ ಚೀಲ ಹೊಲಿಯತೊಡಗಿದ ಮಾನಸಳಿಗೆ ಅವನೇ ಮೊದಲ ಗಿರಾಕಿ. ಖುಷಿಪಡಲಿ ಎಂದು, ಅಜ್ಜಿ ಕೂಡಿಟ್ಟ ಮದುವೆ ತಾಂಬೂಲದ ಚೀಲಗಳಲ್ಲಿ ಅವನ ಹೆಸರಿನದನ್ನೇ ಹುಡುಕಿ ತೆಗೆದಿದ್ದಳು. ಜೊತೆಗಿದ್ದ ವಧು ಕವನಳ ಹೆಸರನ್ನು ಕತ್ತರಿಸಿ ಬಿಸಾಡಬಹುದಿತ್ತು. ಆದರೆ ಜೋಡಿ ಹೆಸರಿನ ನಡುವೆ ಕತ್ತರಿ ಆಡಿಸಬಾರದೆಂಬುದು ಅಜ್ಜಿಯ ಕಟ್ಟಪ್ಪಣೆ. ಹಾಗಾಗಿ ಅದನ್ನು ಒಳಕ್ಕೆ ಮಡಚಿ ಅಸ್ತರು ಮಾಡಿದ್ದಳು. ರಾಕ್ಷಸನ ಪ್ರಾಣ ಗಿಳಿಯೊಳಗೆ ಇರುವಂತೆ, ಶಿವಕುಮಾರನ ಹೊಸ ಸಂಸಾರದ ಪ್ರಾಣ ಈಗ ಆ ಮಡಿಕೆಯೊಳಗಿತ್ತು.

"ಟೊಮೇಟೊ ತೆಗೆಯೋಕೆ ಕೈ ಹಾಕಿದ್ರೆ ಇವಳು ಸಿಕ್ಕಿದ್ಲು. ಹೊರಗೆ ಇವ್ರು, ಒಳಗೆ ಅವಳು!"

"ಅದು ಬೇರೆ ಶಿವಕುಮಾರ ಮಾರಾಯ್ತಿ," ಎನ್ನುತ್ತ ಅಜ್ಜಿ ಸುಬ್ಬಲಕ್ಷ್ಮಿ ಹೊರಬಂದರು. "ಗಾಜನೂರಿನ ಮದುವೆ. ಆ ಹುಡುಗ ಹಸೆಮಣೆ ಮೇಲೇ ತೂಕಡಿಸ್ತಿದ್ದ. ನಿನ್ನ ಗಂಡ ತೂಕಡಿಸ್ತಾನಾ?"

"ಇಲ್ಲ ಅಜ್ಜಿ," ಎಂದ ಶಿವಕುಮಾರ ಗೇಟಿನಿಂದಲೇ. "ತೂಕಡಿಸೋಕೆ ಬಿಟ್ರೆ ತಾನೆ?"

ಅಮೂಲ್ಯಳಿಗೆ ನಗು ಬಂತು. ನುಂಗಿಕೊಂಡಳು. "ಇವಳನ್ನ ಬಿಚ್ಚಿ, ನನ್ನ ಹೆಸರು ಹಾಕಿ. ಇಲ್ದಿದ್ರೆ ಈ ಚೀಲನೂ ಮನೆಗೆ ಬರೋ ಹಾಗಿಲ್ಲ, ಇವ್ರೂ ಬರೋ ಹಾಗಿಲ್ಲ."

"ನಿಮ್ಮ ಮದುವೆ ಚೀಲನೇ ಕೊಡಿ, ಹೊಲಿದುಕೊಡ್ತೀನಿ."

"ನಮ್ಮ ಮದುವೇಲಿ ಸ್ಟೀಲ್ ಡಬ್ಬಿ ಕೊಟ್ಟಿದ್ದು."

ಡಬ್ಬಿಯನ್ನು ಹೊಲಿಯಲಾಗದು. ಮಾನಸ ಅಜ್ಜಿಯ ಚೀಲಗಳ ರಾಶಿಯನ್ನು ಜಗುಲಿಗೆ ಸುರಿದಳು. ಶಿವಮೊಗ್ಗದ ವಧುಗಳೆಲ್ಲ ಹೊರಬಿದ್ದ ಮೇಲೆ, ತಳದಲ್ಲಿ ಹಳದಿ ಚೀಲವೊಂದರ ಮೇಲೆ ಅಮೂಲ್ಯ ಸಿಕ್ಕಳು.

"ಆದ್ರೆ ಇವರ ಜೊತೆ ವಿಶ್ವಾರಾಧ್ಯ ಅಂತ ಇದ್ದಾರೆ," ಎಂದಳು ಮಾನಸ ಮೆಲ್ಲಗೆ.

"ಕತ್ತರಿಸಿ ಬಿಸಾಕಿ!" ಎಂದು ಶಿವಕುಮಾರ ಗೇಟು ತಳ್ಳಿಕೊಂಡು ಒಳಗೇ ಬಂದ.

"ಕತ್ತರಿ ಮುಟ್ಟಿದ್ರೆ ನೋಡು," ಎಂದರು ಅಜ್ಜಿ.

ಅಮೂಲ್ಯ ಹಳದಿ ಚೀಲವನ್ನು ಎತ್ತಿ ಬಿಸಿಲಿಗೆ ಹಿಡಿದಳು. "ಇರ್ಲಿ ಬಿಡಿ, ಅಕ್ಷರ ಚೆನ್ನಾಗಿದೆ. ಒಳಗಡೆ ತಾನೆ? ಪಾಪ, ಒಂದು ಮೂಲೇಲಿ ಇರ್ತಾರೆ."

ಮಾನಸ ಹಳದಿ ಚೀಲವನ್ನು ಕತ್ತರಿಸದೆ, ಕವನಳನ್ನು ಮುಚ್ಚುವಂತೆ ಒಳಗೆ ಹೊಸ ಅಸ್ತರಾಗಿ ಹೊಲಿದುಕೊಟ್ಟಳು. ಸಂಜೆ ಭದ್ರಾವತಿ ಬಸ್ಸಿನ ಕಿಟಕಿಯಿಂದ ಅಮೂಲ್ಯಳಿಗೆ ಗಂಡ ಕಂಡ. ಅವನ ಒಂದು ಕೈ ಹ್ಯಾಂಡಲ್ ಮೇಲಿತ್ತು. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಗಾಳಿಗೆ ಬಾಯ್ತೆರೆಯುತ್ತಿದ್ದ ಚೀಲದೊಳಕ್ಕೆ, ಹೊರಗಿಣುಕುತ್ತಿದ್ದ ವಿಶ್ವಾರಾಧ್ಯನನ್ನು ಅದುಮುತ್ತ, ಸೊಟ್ಟಸೊಟ್ಟಗೆ ಪೆಡಲ್ ತುಳಿಯುತ್ತಿದ್ದ.